ಲಾಯಕ್ಕೆ ಬಂದ ಹೊಸ ಕುದುರೆ

ಮೈಸೂರಿನಿಂದ ಹುಣಸೂರಿಗೆ ಹೋಗುವ ಮಾರ್ಗದಲ್ಲಿರುವ ಹಿನಕಲ್ ಗ್ರಾಮವು ಇಂದು ನಗರದಲ್ಲಿ ಬೆರೆತುಹೋಗಿದೆ. ಅದರ ಮುಂದಿನ ಯಲವಾಲದಲ್ಲಿ 19ನೆಯ ಶತಮಾನದ ಆದಿಭಾಗದಲ್ಲಿ ಬ್ರಿಟಿಷ್ ರೆಸಿಡೆಂಟರ ಬಂಗಲೆಯು ಏರ್ಪಟ್ಟಿತು. ಆಗ ಈ ದಾರಿಯಲ್ಲಿ ಶೀಘ್ರವಾಗಿ ಪಯಣಿಸಬೇಕೆಂಬವನಿಗೆ ಕುದುರೆಯಲ್ಲದೆ ಅನ್ಯಸಾಧನವಿರಲಿಲ್ಲ. ಕನ್ನಡನಾಡಿನ ಕುದುರೆಗಳ ವಿಷಯವಾಗಿ ಬರೆದವರು ಅವುಗಳ ಬೆಲೆಯನ್ನೂ ಅವು ನಡೆಸಿದ ಯುದ್ಧಗಳನ್ನೂ ವಿಸ್ತಾರವಾಗಿ ಹೇಳಿರುವರು. ಹೊರಗಿನಿಂದ ಬಂದ ಕುದುರೆಯು ಲಾಯದ ಹಳೆಯ ಕುದುರೆಗಳೊಡನೆ ಹೇಗೆ ಹೊಂದಿಕೊಂಡಿತೆಂಬುದು ಮಾತ್ರ ಬಹುಮಟ್ಟಿಗೆ ಕುದುರೆಗಾರರ ಅನುಭವದಲ್ಲಿಯೇ ಉಳಿದಿದೆ.

ಈ ವಿಷಯವು ಅಲ್ಪವಾದುದಲ್ಲ. ವಿಜಯನಗರದ ದೊರೆಗಳಿಗೆ ಒಳ್ಳೆಯ ಕುದುರೆಗಳು ಹೊರ್ಮುಜ್ ಮುಂತಾದ ಕಡೆಗಳಿಂದ ಸಮುದ್ರದ ಮೇಲೆ ಬರಬೇಕಾಗಿದ್ದವು. ಭಟ್ಕಳವೂ, 1510ರ ತರುವಾಯ ಪೋರ್ತುಗೀಸರ ಕೈಸೇರಿದ ಗೋವೆಯೂ ಈ ವ್ಯಾಪಾರಕ್ಕೆ ಪ್ರಸಿದ್ಧವಾಗಿದ್ದವು. ಕೃಷ್ಣದೇವರಾಯನು ವರ್ಷವರ್ಷವೂ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ನೂನಿಜನು ಬರೆದಿದ್ದಾನೆ. ಸಾಳುವ ನರಸಿಂಹನು ದಾರಿಯಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಹಣ ಕೊಡುತ್ತಿದ್ದನೆಂಬುದೂ ಅವನ ಮಾತೇ. ಇಷ್ಟು ವೆಚ್ಚಮಾಡಿ ತರಿಸಿದ ಪ್ರಾಣಿಯು ಕಡಲನ್ನು ದಾಟಿ ಬಂದು, ಲಾಯದಲ್ಲಿ ಸಜಾತಿಯ ಒಂದು ಒದೆತಕ್ಕೆ ಕಾಲು ಮುರಿದುಕೊಂಡರೆ ಅದರಷ್ಟು ನಷ್ಟ ಬೇರೆಯಿಲ್ಲ. ಕಾಲು ಮುರಿದ ಕುದುರೆಯು ಮತ್ತೆ ಸವಾರಿಗೆ ಬರುವುದು ಅಪರೂಪ.

ಕುದುರೆಯು ಗುಂಪಿನ ಪ್ರಾಣಿ. ಗುಂಪಿನಲ್ಲಿ ಯಾವುದು ಮೊದಲು ನೀರಿಗೆ ಹೋಗತಕ್ಕದ್ದು, ಯಾವುದು ಯಾವುದಕ್ಕೆ ದಾರಿ ಬಿಡತಕ್ಕದ್ದು ಎಂಬ ಕ್ರಮವು ಅವುಗಳಲ್ಲಿಯೇ ನಿರ್ಣಯವಾಗಿರುತ್ತದೆ. ಹೊಸದು ಬಂದೊಡನೆ ಈ ಕ್ರಮವೆಲ್ಲ ಕದಡುತ್ತದೆ. ಹಳೆಯವು ಕಿವಿಗಳನ್ನು ಹಿಂದಕ್ಕೆ ಮಡಿಚಿ, ಕುತ್ತಿಗೆ ಚಾಚಿ ಅಟ್ಟಿಸಿಕೊಂಡು ಬರುವುವು. ಮೂತಿಗೆ ಮೂತಿ ತಾಗಿದ ಕ್ಷಣವೇ ಕೀರಲು ದನಿಗೈದು ಕಾಲೆತ್ತುವುವು. ನೋಡುವವನಿಗೆ ದ್ವೇಷವೆಂದು ತೋರಿದರೂ ಇದು ಹೆಚ್ಚಾಗಿ ಪರಿಚಯದ ವಿಧಾನವೇ. ಬಲಿಷ್ಠವಾದುದು ಕಿವಿಯ ಸನ್ನೆಯಿಂದಲೇ ಗೆಲ್ಲುತ್ತದೆ. ಓಡಿಹೋಗಲು ಸ್ಥಳವಿಲ್ಲದೆ ಮೂಲೆಗೆ ಸಿಕ್ಕಿದ ಕುದುರೆಗೇ ನಿಜವಾದ ಅಪಾಯ.

ಪೂರ್ವಿಕರಿಗೆ ಇದು ತಿಳಿಯದೆ ಇರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಅಶ್ವಾಧ್ಯಕ್ಷಪ್ರಕರಣದಲ್ಲಿ ಕುದುರೆಗಳನ್ನು ಅವು ಬಂದ ರೀತಿಗೆ ಅನುಸಾರವಾಗಿ ವಿಂಗಡಿಸಿದೆ: ಕ್ರಯಕ್ಕೆ ಕೊಂಡದ್ದು, ಯುದ್ಧದಲ್ಲಿ ಲಭಿಸಿದ್ದು, ಲಾಯದಲ್ಲಿಯೇ ಹುಟ್ಟಿದ್ದು, ಸಹಾಯಕ್ಕೆಂದು ಬಂದದ್ದು, ಒತ್ತೆಯಿಟ್ಟದ್ದು ಇತ್ಯಾದಿ. ಪ್ರತಿಯೊಂದರ ಕುಲ, ವಯಸ್ಸು, ವರ್ಣ, ಚಿಹ್ನೆಗಳೊಡನೆ ಈ ಆಗಮವನ್ನೂ ಬರೆದಿಡತಕ್ಕದ್ದು. ವ್ಯಾಧಿಯುಳ್ಳವನ್ನು ಅಧ್ಯಕ್ಷನು ತಿಳಿಸತಕ್ಕದ್ದು. ಹೆಣ್ಣುಕುದುರೆ, ಬೀಜದ ಕುದುರೆ, ಮರಿ ಇವುಗಳಿಗೆ ಪ್ರತ್ಯೇಕ ಸ್ಥಾನ. ಲೆಕ್ಕ ಬರೆಯುವವನ ಒಣ ನಿಯಮದಂತೆ ತೋರುವ ಈ ಮಾತಿನ ಉಪಯೋಗವು ಲಾಯದವನಿಗೆ ಗೊತ್ತು: ಯುದ್ಧದಲ್ಲಿ ಸಿಕ್ಕಿದ ಕುದುರೆಯನ್ನೂ ಮನೆಯಲ್ಲಿ ಹುಟ್ಟಿದ ಕುದುರೆಯನ್ನೂ ಒಂದೇ ಗೋದಲಿಗೆ ಕಟ್ಟಲಾಗದು. ಕನ್ನಡದಲ್ಲಿಯೂ 1627ರಲ್ಲಿ ಪದ್ಮಣ ಪಂಡಿತನ ಹಯಸಾರಸಮುಚ್ಚಯವು ರಚಿತವಾಯಿತು. ವಿರಾಟನ ಲಾಯಕ್ಕೆ ಗ್ರಂಥಿಕನೆಂಬ ಹೆಸರಿನಿಂದ ಸೇರಿದ ನಕುಲನೂ ಅಲ್ಲಿಗೆ ಹೊಸಬನೇ ಆಗಿದ್ದನೆಂಬುದು ಇಲ್ಲಿ ನೆನಪಿಗೆ ಬರುತ್ತದೆ.

ಮೈಸೂರಿನ ಸಿಲ್ಲೇದಾರ ಪದ್ಧತಿಯಲ್ಲಿ ಈ ಕಷ್ಟವು ದಿನನಿತ್ಯದ್ದಾಗಿದ್ದಿರಬೇಕು. ಸಿಲ್ಲೇದಾರನ ಕುದುರೆ ಅವನ ಸ್ವಂತದ್ದು. ಸರ್ಕಾರವು ಸಂಬಳವನ್ನು ಮಾತ್ರ ಕೊಡುತ್ತಿತ್ತು. 1807ರ ಒಪ್ಪಂದದಂತೆ ಮೈಸೂರು 4,000 ಅಶ್ವಬಲವನ್ನು ಸಿದ್ಧವಾಗಿಟ್ಟಿರಬೇಕಾಗಿತ್ತು. ಬೇರೆಬೇರೆ ಮನೆಗಳ ಹಿತ್ತಿಲಲ್ಲಿ ಬೆಳೆದ ಪ್ರಾಣಿಗಳು ಪಾಳೆಯದಲ್ಲಿ ಒಂದೇ ಸಾಲಿನಲ್ಲಿ ನಿಲ್ಲಬೇಕು. ಆದಕಾರಣವೇ ಮುಂದೆ ತಲೆಹಗ್ಗ, ಹಿಂದೆ ಕಾಲುಹಗ್ಗ. ಒಂದರ ಒದೆತವು ಇನ್ನೊಂದಕ್ಕೆ ಎಟುಕದಷ್ಟು ಅಂತರ. ಇದು ಸ್ನೇಹವನ್ನು ಬೆಳೆಸದಿದ್ದರೂ ಕಾಲುಗಳನ್ನು ಕಾಪಾಡಿತು.

ಟಿಪ್ಪೂ ಸುಲ್ತಾನನ ಕಾಲದಿಂದ ನಡೆದುಬಂದ ಕುಣಿಗಲ್ಲಿನ ಅಶ್ವಕ್ಷೇತ್ರದ ಕ್ರಮವೇ ಬೇರೆ. 1992ರಲ್ಲಿ ಅದು ಗುತ್ತಿಗೆಗೆ ಹೋಗಿ ಓಟದ ಕುದುರೆಗಳ ಸಂವರ್ಧನೆಗೆ ಮೀಸಲಾಯಿತು. ಇಂತಹ ಕ್ಷೇತ್ರದಲ್ಲಿ ತಾಯಿಯ ಹಾಲು ಬಿಟ್ಟ ಮರಿಗಳು ಒಟ್ಟಿಗೆ ಮೇಯುತ್ತ, ಕಚ್ಚಾಡುತ್ತ ಗುಂಪಿನ ಮರ್ಯಾದೆಯನ್ನು ಎಳವೆಯಲ್ಲಿಯೇ ಕಲಿಯುತ್ತವೆ. ದೇಶಾಂತರದಿಂದ ತರಿಸಿದ ಬೀಜದ ಕುದುರೆಯನ್ನು ಮಾತ್ರ ಅದರ ಬೇಲಿಯೊಳಗೆ ಒಂಟಿಯಾಗಿಯೇ ಇಡಬೇಕಾಗುತ್ತದೆ.

ಯುದ್ಧವು ಈ ಸಾವಧಾನಕ್ಕೆ ಅವಕಾಶ ಕೊಡಲಿಲ್ಲ. ಮೈಸೂರು ಲ್ಯಾನ್ಸರ್ಸ್ ದಳವು 1918ರ ಸೆಪ್ಟೆಂಬರ್ 23ರಂದು ಜೋಧಪುರದವರೊಡನೆ ಹೈಫಾ ಪಟ್ಟಣದ ಮೇಲೆ ದಾಳಿಮಾಡಿ ಗೆದ್ದ ಸಂಗತಿ ಪ್ರಸಿದ್ಧವಾಗಿದೆ. ಅಂತಹ ರಣದಲ್ಲಿ ಬಿದ್ದ ಕುದುರೆಯ ಸ್ಥಾನಕ್ಕೆ ಬಂದದ್ದು ಅಪರಿಚಿತರ ಸಾಲಿನಲ್ಲಿ ಒಡನೆಯೇ ನಿಲ್ಲಬೇಕಾಗುತ್ತಿತ್ತು.

ಮೈಸೂರಿನ ಅಶ್ವಾರೋಹಿ ಪೊಲೀಸ್ ದಳಕ್ಕೆ ಓಟದ ಕಣದಿಂದ ನಿವೃತ್ತವಾದ ಕುದುರೆಗಳೂ ಬರುವುದುಂಟು. ಪ್ರತ್ಯೇಕ ಕೋಣೆಯಲ್ಲಿ ವಾಸಿಸಿದ ಇವು ಎಳವೆಯ ಪಾಠವನ್ನು ಮರೆತಿರುತ್ತವೆ. ಇಂತಹದನ್ನು ಹಿಂಡಿಗೆ ಸೇರಿಸುವವರು ಮೊದಲು ಎರಡು ಮೂರು ವಾರ ದೂರದಲ್ಲಿ ಕಟ್ಟಿ, ಗಂಟಲಬಾವು ಮೊದಲಾದ ಅಂಟುರೋಗವಿಲ್ಲವೆಂದು ನಿಶ್ಚಯಿಸಿಕೊಳ್ಳುವುದು ಲೇಸು. ಬಳಿಕ ಬೇಲಿಯ ಆಚೆ ಈಚೆ ಬಿಟ್ಟು ಮೂಸಿ ನೋಡಲು ಅವಕಾಶ ಕೊಡುವರು. ಹಿಂಡಿನ ಸಾಧುವಾದ ಒಂದನ್ನು ಜೊತೆಗೂಡಿಸಿ, ಅವೆರಡೂ ಒಂದರ ಬೆನ್ನನ್ನು ಒಂದು ಕೆರೆಯತೊಡಗಿದ ಮೇಲೆ ಉಳಿದವುಗಳ ನಡುವೆ ವಿಶಾಲವಾದ ಬಯಲಿನಲ್ಲಿ ಬಿಡುವರು. ಅದಕ್ಕೆ ಮುಂಚೆ ಹಿಂಗಾಲುಗಳ ಲಾಳವನ್ನು ಕೀಳಿಸುವುದೂ ಉಂಟು. ಆ ದಿನ ಹುಲ್ಲಿನ ರಾಶಿಗಳು ಕುದುರೆಗಳ ಸಂಖ್ಯೆಗಿಂತ ಒಂದು ಹೆಚ್ಚಾಗಿರಬೇಕು. ಅಟ್ಟಲ್ಪಟ್ಟ ಹೊಸದು ಆ ಒಂದು ರಾಶಿಯ ಬಳಿಗೆ ಹೋಗಿ ನಿಲ್ಲುತ್ತದೆ.