ಅಲೆಕ್ಸಾಂಡ್ರಿಯದ ಹೊರನಾಡ ಸಂಸಾರಗಳು

ನೈಲ್ ನದಿಯ ಮುಖಜಭೂಮಿಯ ಪಶ್ಚಿಮದಂಚಿನಲ್ಲಿ ಸಮುದ್ರಾಭಿಮುಖವಾಗಿರುವ ಅಲೆಕ್ಸಾಂಡ್ರಿಯ ಪಟ್ಟಣದ ಪ್ರಾಚೀನ ವೈಭವವನ್ನು ಕುರಿತು ಬರೆದವರು ಬಹುಮಂದಿ. ಆದರೆ ಆ ವೈಭವವೆಲ್ಲ ಮಣ್ಣುಪಾಲಾಗಿ, ಕೆಲವೇ ಸಾವಿರ ಜನರ ಊರಾಗಿ ಉಳಿದಿದ್ದ ಆ ಸ್ಥಳವು ಹತ್ತೊಂಬತ್ತನೆಯ ಶತಮಾನದಲ್ಲಿ ಪುನಃ ಚಿಗುರಿ, ಗ್ರೀಕರು, ಇಟಾಲಿಯನರು, ಸಿರಿಯದವರು, ಯೆಹೂದ್ಯರು, ಆರ್ಮೇನಿಯನರು, ಮಾಲ್ಟದವರು ಮೊದಲಾದ ನಾನಾ ಜನಾಂಗದ ಸಂಸಾರಗಳಿಗೆ ಆಶ್ರಯವಾದ ವೃತ್ತಾಂತವು ನನಗೆ ಅದಕ್ಕಿಂತಲೂ ಕುತೂಹಲಕರವಾಗಿ ತೋರುತ್ತದೆ.

ಇದಕ್ಕೆ ಮೂಲಕಾರಣ ಹತ್ತಿ. ಈಜಿಪ್ಟನ್ನು ಆಳುತ್ತಿದ್ದ ಮಹಮ್ಮದ್ ಅಲಿ ಪಾಷಾನು ಸಹಸ್ರಾರು ರೈತರನ್ನು ಬಿಟ್ಟಿ ದುಡಿಮೆಗೆ ಹಿಡಿದು ತೋಡಿಸಿದ ಮಹಮ್ಮೂದಿಯ ಕಾಲುವೆಯು 1820ರಲ್ಲಿ ಪಟ್ಟಣವನ್ನು ನೈಲ್ ನದಿಗೆ ಜೋಡಿಸಿತು; 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದ ಲ್ಯಾಂಕಷೈರಿನ ಗಿರಣಿಗಳಿಗೆ ಹತ್ತಿ ಸಿಕ್ಕದಂತಾದಾಗ ಈಜಿಪ್ಟಿನ ಹತ್ತಿಯ ಬೆಲೆ ಗಗನಕ್ಕೇರಿತು. (ಅದೇ ಯುದ್ಧವು ನಮ್ಮ ಧಾರವಾಡ ಸೀಮೆಯ ಹತ್ತಿ ಬೆಳೆಗಾರನ ಕೈಯಲ್ಲಿಯೂ ಕೆಲಕಾಲ ಕಾಸು ಆಡುವಂತೆ ಮಾಡಿತ್ತು.) ಹತ್ತಿಯ ಹಿಂದೆ ದಲ್ಲಾಳಿ, ದಲ್ಲಾಳಿಯ ಹಿಂದೆ ಅವನ ಸಂಸಾರ, ಸಂಸಾರದ ಹಿಂದೆ ಶಾಲೆ, ಆಸ್ಪತ್ರೆ, ಸ್ಮಶಾನಗಳು ಬಂದವು.

ಹೀಗೆ ಬಂದವರು ನೆಲೆನಿಲ್ಲಲು ವ್ಯಾಪಾರದ ಲಾಭವೊಂದೇ ಸಾಲುತ್ತಿರಲಿಲ್ಲ. ಈಜಿಪ್ಟಿನ ಸಾರ್ವಭೌಮರೆನಿಸಿದ್ದ ಆಟೋಮನ್ ಸುಲ್ತಾನರು ಯೂರೋಪಿನ ರಾಜ್ಯಗಳಿಗೆ ಎಂದೋ ಕೊಟ್ಟಿದ್ದ ವಿಶೇಷಾಧಿಕಾರಗಳ ಬಲದಿಂದ ವಿದೇಶೀಯನು ಅಪರಾಧ ಮಾಡಿದರೆ ಅವನ ವಿಚಾರಣೆ ಅವನದೇ ದೇಶದ ಕಾನ್ಸಲನ ಮುಂದೆ ನಡೆಯಬೇಕಾಗಿತ್ತು. ವಿದೇಶೀಯರಿಗೂ ದೇಶೀಯರಿಗೂ ಹುಟ್ಟುವ ವ್ಯಾಪಾರದ ತಕರಾರುಗಳಿಗಾಗಿ 1876ರಲ್ಲಿ ಕೆಲಸಕ್ಕೆ ತೊಡಗಿದ ಮಿಶ್ರ ನ್ಯಾಯಾಲಯಗಳಲ್ಲಿಯೂ ಬಹುಸಂಖ್ಯೆಯ ನ್ಯಾಯಾಧೀಶರು ಪರದೇಶದವರೇ ಆಗಿದ್ದರು. ಆದುದರಿಂದ, ಇಟಲಿಯ ನೆಲವನ್ನು ಮೆಟ್ಟದ ಯೆಹೂದ್ಯ ಗೃಹಸ್ಥನು ಇಟಲಿಯ ಪ್ರಜೆಯೆನ್ನಿಸಿಕೊಂಡು ನೆಮ್ಮದಿಯಿಂದಿರುವುದು ಆ ಪಟ್ಟಣದಲ್ಲಿ ಆಶ್ಚರ್ಯದ ಸಂಗತಿಯಾಗಿರಲಿಲ್ಲ.

ಅಂಥವರ ಮನೆಯ ಒಳಗನ್ನು ನೋಡಬೇಕು. ಅಜ್ಜಿಯೊಡನೆ ಮಾತೃಭಾಷೆ, ಅತಿಥಿಗಳೊಡನೆ ಮತ್ತು ದೊಡ್ಡ ಅಂಗಡಿಗಳಲ್ಲಿ ಫ್ರೆಂಚ್, ಮಗನನ್ನು 1902ರಲ್ಲಿ ಸ್ಥಾಪಿತವಾದ ವಿಕ್ಟೋರಿಯಾ ಕಾಲೇಜಿಗೆ ಸೇರಿಸಿದ್ದರೆ ಅವನೊಡನೆ ಇಂಗ್ಲಿಷ್. ಅರಬ್ಬಿಯಾದರೋ, ನ್ಯೂಬಿಯದ ಅಡಿಗೆಯವನಿಗೂ ಬಾಗಿಲು ಕಾಯುವವನಿಗೂ ತರಕಾರಿಯವನಿಗೂ ಅಪ್ಪಣೆ ಕೊಡಲು ಸಾಕಾಗುವಷ್ಟು. ಶುಕ್ರವಾರ ಒಬ್ಬರ ಅಂಗಡಿ ಮುಚ್ಚಿದರೆ ಶನಿವಾರ ಮತ್ತೊಬ್ಬರದು, ಭಾನುವಾರ ಇನ್ನೊಬ್ಬರದು. ಒಂದೇ ಬೀದಿಯ ಕ್ರೈಸ್ತರಲ್ಲಿಯೇ ಕ್ರಿಸ್ತಜಯಂತಿಯು ಪಂಥಕ್ಕೊಂದು ದಿನ.

ಈ ಮನೆಗಳ ಶಿಶುಗಳನ್ನು ಸಾಕಿದವರ ಕಥೆಯಂತೂ ಮನಕರಗಿಸುವಂಥದು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಕಾಲದಿಂದ ಎರಡನೆಯ ಮಹಾಯುದ್ಧದವರೆಗೆ ಸ್ಲೊವೇನಿಯದ ವಿಪಾವ ಕಣಿವೆ ಮೊದಲಾದ ಕಡೆಗಳ ಬಡ ರೈತ ಹೆಂಗಸರು, ಗಂಡಂದಿರ ಹೊಲಗಳ ಮೇಲಿನ ಸಾಲ ತೀರಿಸುವುದಕ್ಕಾಗಿ, ತಮ್ಮ ಎಳೆಗೂಸುಗಳನ್ನು ಊರಿನಲ್ಲಿಯೇ ಬಿಟ್ಟು ಟ್ರಿಯೆಸ್ಟ್ ಬಂದರಿನಲ್ಲಿ ಹಡಗು ಹತ್ತಿ, ಅಲೆಕ್ಸಾಂಡ್ರಿಯದ ಸಿರಿವಂತರ ಮಕ್ಕಳಿಗೆ ಹಾಲೂಡಲು ಬರುತ್ತಿದ್ದರು. ಅವರಿಗೆ ಊರಿನಲ್ಲಿ ‘ಅಲೆಕ್ಸಾಂಡ್ರಿಂಕೆ’ ಎಂದೇ ಹೆಸರಾಯಿತು. ಹಿಂದಿರುಗಿದಾಗ ಸ್ವಂತ ಮಕ್ಕಳೇ ಗುರುತಿಸದ ತಾಯಂದಿರು ಅವರಲ್ಲಿ ವಿರಳರಲ್ಲ.

ಹೊರನಾಡಿನವರೆಲ್ಲರೂ ಧನಿಕರಾಗಿದ್ದರೆಂದು ಭಾವಿಸಲಾಗದು. ಗ್ರೀಕ್ ಕಿರಾಣಿ ಅಂಗಡಿಯವನು, ಇಟಲಿಯ ಗಾರೆಯವನು ಕಷ್ಟದಿಂದಲೇ ದಿನ ನೂಕುತ್ತಿದ್ದರು. ಅಲ್ಲಿಯ ಗ್ರೀಕ್ ಮಹಾಕವಿ ಕವಾಫಿಯೇ ವರ್ತಕ ವಂಶದಲ್ಲಿ ಹುಟ್ಟಿಯೂ ನೀರಾವರಿ ಇಲಾಖೆಯಲ್ಲಿ ಮೂವತ್ತು ವರ್ಷ ಗುಮಾಸ್ತೆಯಾಗಿ ಸವೆದನು. ಆದಾಗ್ಯೂ, ಆ ಬಡ ಗ್ರೀಕ್ ಅಂಗಡಿಯವನಿಗಿದ್ದ ಕಾನೂನಿನ ರಕ್ಷಣೆಯು ಈಜಿಪ್ಟಿನ ರೈತನಿಗಿರಲಿಲ್ಲ.

1937ರ ಮೋಂತ್ರೊ ಒಪ್ಪಂದವು ವಿಶೇಷಾಧಿಕಾರಗಳನ್ನು ರದ್ದುಮಾಡಿತು. 1949ರಲ್ಲಿ ಮಿಶ್ರ ನ್ಯಾಯಾಲಯಗಳೂ ಮುಚ್ಚಿದವು. ಅಲೆಕ್ಸಾಂಡ್ರಿಯದಲ್ಲಿಯೇ ಜನಿಸಿದ ಈಜಿಪ್ಟಿನ ಅಧ್ಯಕ್ಷ ನಾಸರ್, 1956ರ ಜುಲೈ 26ರಂದು ಹತ್ತಿಯ ವಿನಿಮಯಾಲಯವಿದ್ದ ಮಂಶಿಯ ಚೌಕದಲ್ಲಿ ಸೂಯೆಜ್ ಕಾಲುವೆಯ ರಾಷ್ಟ್ರೀಕರಣವನ್ನು ಘೋಷಿಸಿದನು. ಅದರಿಂದ ಆ ವರ್ಷವೇ ಹೊತ್ತಿಕೊಂಡ ಸೂಯೆಜ್ ಯುದ್ಧದ ತರುವಾಯ ಬ್ರಿಟಿಷರನ್ನೂ ಫ್ರೆಂಚರನ್ನೂ ಹೊರಗಟ್ಟಲಾಯಿತು, ಬಹುಮಂದಿ ಯೆಹೂದ್ಯರೂ ಊರು ಬಿಟ್ಟರು. 1961ರಲ್ಲಿ ಉದ್ಯಮಗಳ ರಾಷ್ಟ್ರೀಕರಣವಾದ ಅನಂತರ ಉಳಿದವರಲ್ಲಿ ಬಹುಮಂದಿ ಗಂಟುಕಟ್ಟಿದರು. ತಲೆಮಾರುಗಳಿಂದ ಅಲ್ಲಿಯೇ ಬಾಳಿದ್ದ ಗ್ರೀಕರು ಅಥೆನ್ಸಿಗೂ ಆಸ್ಟ್ರೇಲಿಯಕ್ಕೂ ವಲಸೆ ಹೋದರು. ಹೀಗೆ ಹೋದವರು ಬರೆದ ಮಧುರ ಸ್ಮರಣೆಗಳು ಇಂದು ಬೇಕಾದಷ್ಟು ದೊರೆಯುತ್ತವೆ. ಅವರ ಅಡಿಗೆಮನೆಯಲ್ಲಿದ್ದ ನ್ಯೂಬಿಯದವನು ಬರೆದದ್ದು ದೊರೆಯುವುದು ಅಪರೂಪವೆಂಬುದನ್ನು ನೆನಪಿನಲ್ಲಿಟ್ಟುಕೊಂಡು ವಾಚಕರು ಅವುಗಳನ್ನು ಓದಬೇಕು.