ಚಿನ್ನದ ನಾಡಿನ ಕಾಣದ ಲೋಹ

1857ರಲ್ಲಿ ಮೈಕೆಲ್ ಫ್ಯಾರಡೆ ಲಂಡನ್ನಿನಲ್ಲಿ ಚಿನ್ನದ ದ್ರವವೊಂದನ್ನು ತಯಾರಿಸಿದನು. ಅದು ಹಳದಿಯಾಗಿರಲಿಲ್ಲ, ಮಾಣಿಕ್ಯದಂತೆ ಕೆಂಪಾಗಿತ್ತು! ಲೋಹವನ್ನು ಅತಿ ಸಣ್ಣ ಕಣಗಳಾಗಿಸಿದರೆ ಅದರ ಗುಣವೇ ಬದಲಾಗುತ್ತದೆ. ಇಂದು ನ್ಯಾನೊಕಣ ಎನ್ನುವುದು ಇಂಥವನ್ನೇ. ಗಾತ್ರ 1ರಿಂದ 100 ನ್ಯಾನೊಮೀಟರ್.

ಕೋಲಾರದ ನೆಲದಲ್ಲಿ ಜಾನ್ ಟೇಲರ್ ಕಂಪನಿಯ ಗಣಿಗಾರಿಕೆ ಶುರುವಾದದ್ದು 1880ರ ದಶಕದಲ್ಲಿ. ಅದಿರನ್ನು ಕುಟ್ಟಿ ಪುಡಿಮಾಡಿ, ಪಾದರಸ ಮತ್ತು ಸಯನೈಡ್ ಬಳಸಿ ಚಿನ್ನ ತೆಗೆಯುತ್ತಿದ್ದರು. 2001ರಲ್ಲಿ ಗಣಿ ಮುಚ್ಚಿತು. ಸಯನೈಡ್ ದಿಬ್ಬಗಳು ಉಳಿದವು. ಇಲ್ಲಿನ ಕಾರ್ಮಿಕರ ಶ್ವಾಸಕೋಶಕ್ಕೆ ಕಲ್ಲಿನ ಧೂಳು ತಂದ ಸಿಲಿಕೋಸಿಸ್ ನಮ್ಮ ವೈದ್ಯಕೀಯ ಪಠ್ಯಪುಸ್ತಕಗಳಲ್ಲೂ ದಾಖಲಾಗಿದೆ.

ಧೂಳು ಶ್ವಾಸಕೋಶದಲ್ಲೇ ನಿಲ್ಲುತ್ತದೆಯೇ? ನ್ಯಾನೊಕಣಗಳು ರಕ್ತಕ್ಕೂ ಸೇರಬಲ್ಲವು. ಜೀವಶಾಸ್ತ್ರದ ತರಗತಿಯಲ್ಲಿ ಸಂತಾನೋತ್ಪತ್ತಿಯ ಪಾಠ ಬಂದರೆ ಪುಟ ತಿರುವಿಬಿಡುವುದು ನಮ್ಮ ರೂಢಿ. ಇಲ್ಲಿ ಹಾಗೆ ಮಾಡಬೇಡಿ. ವೃಷಣಕ್ಕೆ ತನ್ನದೇ ಕಾವಲುಗೋಡೆಯಿದೆ. ರಕ್ತದಲ್ಲಿರುವ ಎಲ್ಲವನ್ನೂ ಅದು ಒಳಗೆ ಬಿಡುವುದಿಲ್ಲ. ಆದರೆ ಕೆಲವು ಲೋಹಕಣಗಳು ಅದನ್ನು ದಾಟಿದ್ದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. 2005ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ವೀರ್ಯಾಣುಗಳಿಗೆ ಮೂಲವಾಗುವ ಇಲಿಯ ಜೀವಕೋಶಗಳಿಗೆ ಬೆಳ್ಳಿಯ ನ್ಯಾನೊಕಣಗಳು ವಿಷವಾದವು. ಅದು ಗಾಜಿನ ತಟ್ಟೆಯಲ್ಲಿ ನಡೆದದ್ದು. ಮನುಷ್ಯರಲ್ಲೂ ಹೀಗೇ ಆಗುತ್ತದೆಂದು ಅಷ್ಟರಿಂದಲೇ ಹೇಳಲಾಗದು.

ವೀರ್ಯಾಣು ಬೆಳೆಯಲು ಸುಮಾರು 74 ದಿನ ಬೇಕು. ಆದ್ದರಿಂದ ಹಾನಿ ಒಡನೆಯೇ ತಿಳಿಯದು. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಕೀಟನಾಶಕ ಕಾರ್ಖಾನೆಯೊಂದರಲ್ಲಿ, ತಮಗೆ ಮಕ್ಕಳಾಗುತ್ತಿಲ್ಲವೆಂಬುದನ್ನು ಮೊದಲು ಗಮನಿಸಿದವರು ಕಾರ್ಮಿಕರೇ. ಪರೀಕ್ಷೆ ನಡೆದದ್ದು ಆಮೇಲೆ. ಅಲ್ಲಿ ವಿಷ ಲೋಹವಲ್ಲ, ಡಿಬಿಸಿಪಿ ಎಂಬ ರಾಸಾಯನಿಕ. ಆದರೂ ನಾಚಿಕೆ ಬಿಟ್ಟು ಮಾತಾಡಿಕೊಂಡ ಆ ಗಂಡಸರನ್ನು ನಾನು ಸಂಶೋಧಕರೆಂದೇ ಎಣಿಸುತ್ತೇನೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ನಿಮಗೆ ಇದು ದೂರದ ಮಾತಲ್ಲ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಕೊಳಚೆನೀರು ಎರಡು ಹಂತದ ಶುದ್ಧೀಕರಣದ ನಂತರ ಬರಗಾಲದ ಜಿಲ್ಲೆಯ ಕೆರೆಗಳಿಗೆ ಬಂತು. ಬತ್ತಿದ ಕೆರೆ ತುಂಬಿದ್ದಕ್ಕೆ ಸಂತೋಷಪಟ್ಟವರು ಅನೇಕರು. ನೀರಿನಲ್ಲಿ ಭಾರಲೋಹವಿದೆ, ಮೂರನೆಯ ಹಂತವೂ ಬೇಕು ಎಂದವರು ನ್ಯಾಯಾಲಯಕ್ಕೆ ಹೋದರು. ಇಬ್ಬರ ಮಾತಿಗೂ ಕಾರಣವಿದೆ.

ವಾಸನೆ ತಡೆಯಲೆಂದು ಕಾಲುಚೀಲಕ್ಕೆ ಸೇರಿಸಿದ ಬೆಳ್ಳಿಕಣವೂ ಒಗೆದಾಗ ಚರಂಡಿಗೇ ಹೋಗುತ್ತದೆ. ಶುದ್ಧೀಕರಣ ಘಟಕದಲ್ಲಿ ಅದರ ಹೆಚ್ಚಿನ ಭಾಗ ಗಂಧಕದೊಡನೆ ಕೂಡಿ ಬೆಳ್ಳಿಯ ಸಲ್ಫೈಡ್ ಆಗುತ್ತದೆ. ಅದು ಸುಲಭವಾಗಿ ಕರಗದು, ಆದ್ದರಿಂದ ವಿಷವೂ ಕಡಿಮೆ. ಆದರೆ ಅದು ಮಾಯವಾಗುವುದಿಲ್ಲ. ತಳದ ಕೆಸರಿಗೆ ಇಳಿಯುತ್ತದೆ. ನೀರನ್ನು ಪರೀಕ್ಷಿಸುವವರು ಆ ಕೆಸರು ಯಾರ ಹೊಲಕ್ಕೆ ಗೊಬ್ಬರವಾಗಿ ಹೋಗುತ್ತದೆಂಬುದನ್ನೂ ಕೇಳಬೇಕು.