ಅಭಿಷಿಕ್ತ

ಕನ್ನಡದಲ್ಲಿ ಅಭಿಷೇಕ ಇಬ್ಬರಿಗೆ: ದೇವರಿಗೆ, ಅರಸನಿಗೆ. ಕ್ಯಾಲಿಫೋರ್ನಿಯಾದ ಯೂನಿಯನ್ ಸಿಟಿಯಿಂದ ಲಿವರ್‌ಮೋರ್‌ನ ಶಿವ-ವಿಷ್ಣು ದೇವಸ್ಥಾನಕ್ಕೆ ಹೋಗಿ, ಲಿಂಗದ ಮೇಲೆ ಹಾಲು, ಮೊಸರು, ತುಪ್ಪ, ಜೇನು ಒಂದಾದ ಮೇಲೊಂದು ಇಳಿಯುವುದನ್ನು ಕೈಮುಗಿದು ನೋಡುವ ನಮ್ಮವರಿಗೆ ಮೊದಲನೆಯದೇ ಬಳಕೆಯ ಅರ್ಥ. ಪಟ್ಟಾಭಿಷೇಕ ಮೈಸೂರಿನ ಅರಮನೆಗೋ ರಾಮಾಯಣಕ್ಕೋ ಸೇರಿತು. ಹಾಗಾಗಿ ಕನ್ನಡ ಬೈಬಲ್ಲಿನ ‘ಅಭಿಷಿಕ್ತ’ ನಮ್ಮ ಕಿವಿಗೆ ದೈವದ ಮಾತಾಗಿಯೇ ಬೀಳುತ್ತದೆ.

ಹೀಬ್ರೂವಿನಲ್ಲಿ ಅದು ಮಶೀಅಹ್ (ಮೆಸ್ಸೀಯ), ಎಣ್ಣೆ ಹಚ್ಚಿಸಿಕೊಂಡವನು. ಗ್ರೀಕಿನಲ್ಲಿ ಕ್ರಿಸ್ತೋಸ್, ನಮ್ಮಲ್ಲಿ ಕ್ರಿಸ್ತ. ಆಲಿವ್ ಎಣ್ಣೆಗೆ ರಕ್ತಬೋಳ, ದಾಲ್ಚಿನ್ನಿ ಬೆರೆಸಿ ಮಾಡಿದ ತೈಲ ಯಾಜಕ ಆರೋನನ ತಲೆಗೆ ಬಿತ್ತು. ಕುರಿ ಕಾಯುತ್ತಿದ್ದ ಕಿರಿಮಗ ದಾವೀದನನ್ನು ಕರೆಸಿ, ಅಣ್ಣಂದಿರ ಎದುರಿಗೇ ಪ್ರವಾದಿ ಸಮುವೇಲ ಕೊಂಬಿನಿಂದ ಎಣ್ಣೆ ಸುರಿದ. ಯೆಶಾಯನ ಗ್ರಂಥದಲ್ಲಿ ಪರ್ಷಿಯಾದ ದೊರೆ ಸೈರಸ್ ಕೂಡ ದೇವರ ಮಶೀಅಹ್. ಅವನು ಯಹೂದಿಯೇ ಅಲ್ಲ. ಯಾಕೋಬ ತಾನು ತಲೆಯಿಟ್ಟು ಮಲಗಿದ್ದ ಕಲ್ಲನ್ನು ಬೇತೇಲಿನಲ್ಲಿ ನೆಟ್ಟು ಎಣ್ಣೆ ಎರೆದದ್ದು ನಮ್ಮವರಿಗೆ ತೀರ ಹತ್ತಿರದ ಆಚರಣೆ ಅನ್ನಿಸೀತು. ಆದರೆ ಕಲ್ಲು, ವೇದಿ, ಮನುಷ್ಯನ ತಲೆ, ಇಂಥವಕ್ಕೇ ಆ ಎಣ್ಣೆ. ಮೈಯೇ ಇಲ್ಲದ ದೇವರಿಗೆ ಎಲ್ಲಿ ಎರೆಯುವುದು? ಅಲ್ಲಿ ಅಭಿಷಿಕ್ತ ಎಂದರೆ ದೇವರಿಂದ ಆಯ್ಕೆಯಾದ ಮನುಷ್ಯ.

ಅಂಥವನನ್ನು ಪೂಜಿಸಿದರೆ ಯಹೂದಿಗಳ ಏಕದೇವನಿಷ್ಠೆಗೆ ಹೊಂದೀತೇ? ಬರೀ ‘ಮೆಸ್ಸೀಯ’ ಎಂದು ಕರೆದರೆ ತಕರಾರು ಅಷ್ಟು ದೊಡ್ಡದಲ್ಲ. ರಬ್ಬಿ ಅಕಿವ ಬಾರ್ ಕೊಖ್ಬಾನನ್ನು ಮೆಸ್ಸೀಯನೆಂದು ನಂಬಿದರು. ರೋಮನರ ವಿರುದ್ಧ ಅವನು ನಡೆಸಿದ ದಂಗೆ 135ರಲ್ಲಿ ನೆಲಕಚ್ಚಿತು. ಅಕಿವರ ಗೌರವಕ್ಕೆ ಇಂದಿಗೂ ಕುಂದಿಲ್ಲ. ಬ್ರೂಕ್ಲಿನ್‌ನ ಲುಬಾವಿಚ್ ಯಹೂದಿ ಪಂಥದ ಗುರು ಮೆನಾಖೆಮ್ ಮೆಂಡೆಲ್ ಶ್ನೇರ್ಸನ್ 1994ರಲ್ಲಿ ತೀರಿಕೊಂಡ ಮೇಲೂ ಅವರೇ ಮೆಸ್ಸೀಯ ಎನ್ನುವ ಶಿಷ್ಯರಿದ್ದಾರೆ. ಕುರಾನ್ ಕೂಡ ಈಸಾರನ್ನು (ಯೇಸುವನ್ನು) ಮಸೀಹ್ ಎನ್ನುತ್ತದೆ, ದೇವರೆನ್ನುವುದಿಲ್ಲ. ದಾರಿ ಕವಲೊಡೆಯುವುದು ಪ್ರಾರ್ಥನೆಯಲ್ಲಿ. ಮೆಸ್ಸೀಯ ಬಂದೇ ಬರುತ್ತಾನೆ ಎಂಬುದನ್ನು 12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡೀಸ್ ನಂಬಿಕೆಯ ತಮ್ಮ 13 ತತ್ವಗಳಲ್ಲಿ ಸೇರಿಸಿದರು. ದೇವರಿಗೆ ದೇಹವಿಲ್ಲ, ಆರಾಧನೆ ಅವನೊಬ್ಬನಿಗೇ ಎಂಬುದನ್ನೂ ಅದೇ ಪಟ್ಟಿಯಲ್ಲಿ ಇಟ್ಟರು.

ಕ್ರೈಸ್ತರ ಉತ್ತರವನ್ನೂ ಸರಿಯಾಗಿ ಕೇಳಬೇಕು. ಮನುಷ್ಯನನ್ನು ನಾವು ದೇವರ ಪಟ್ಟಕ್ಕೆ ಏರಿಸಲಿಲ್ಲ, ದೇವರೇ ಇಳಿದು ಮನುಷ್ಯನಾದ, ಆದರೂ ದೇವರು ಒಬ್ಬನೇ ಎನ್ನುತ್ತಾರೆ ಅವರು. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್‌ಗಳ ಸಭೆ ನಿಂತದ್ದು ಈ ಮಾತಿನ ಮೇಲೆ. ‘ಓಹೋ, ಅವತಾರ’ ಎಂದು ನಾವು ತಲೆಯಾಡಿಸಿಬಿಡುತ್ತೇವೆ. ಇಂಥದ್ದು ಒಂದೇ ಒಂದು ಸಲ ನಡೆದದ್ದು ಎನ್ನುವ ಕ್ರೈಸ್ತರಿಗೂ, ನಡೆಯಲಾರದು ಎನ್ನುವ ಯಹೂದಿಗಳಿಗೂ ಆ ಸಲೀಸು ಒಪ್ಪಿಗೆಯಿಂದ ಅನ್ಯಾಯವೇ ಆಗುತ್ತದೆ.

ಯೂನಿಯನ್ ಸಿಟಿಯಲ್ಲಿ ಬಾರ್ಟ್ ರೈಲು ಹತ್ತಿದರೆ ಈ ವಾದದ ಎರಡು ಊರುಗಳು ಸಿಗುತ್ತವೆ. ಯೇಸುವನ್ನು ನಂಬಿಯೂ ಯಹೂದಿಗಳಾಗಿ ಉಳಿಯಬಹುದೆನ್ನುವ ‘ಜ್ಯೂಸ್ ಫಾರ್ ಜೀಸಸ್’ 1973ರಲ್ಲಿ ಹುಟ್ಟಿದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಯಹೂದಿ ಸಮಾಜದ ಬಹುಪಾಲು ಅದನ್ನು ಒಪ್ಪಿಲ್ಲ. ಬರ್ಕ್ಲಿಯಲ್ಲಿ ಯಹೂದಿಗಳ ಶಾಸ್ತ್ರಗ್ರಂಥ ತಾಲ್ಮುದ್ ಕಲಿಸಿದ ಡೇನಿಯಲ್ ಬೊಯಾರಿನ್, ಸ್ವತಃ ಸಂಪ್ರದಾಯನಿಷ್ಠ ಯಹೂದಿ, 2012ರ ‘ದ ಜ್ಯೂಯಿಷ್ ಗಾಸ್ಪೆಲ್ಸ್’ ಪುಸ್ತಕದಲ್ಲಿ ದಾನಿಯೇಲನ ಗ್ರಂಥಕ್ಕೆ ಹಿಂದಿರುಗುತ್ತಾರೆ. ಅಲ್ಲಿ ಸಿಂಹಾಸನಗಳು ಒಂದಕ್ಕಿಂತ ಹೆಚ್ಚು. ಮಹಾವೃದ್ಧನ, ಎಂದರೆ ದೇವರ, ಬಳಿಗೆ ಮನುಷ್ಯಕುಮಾರನಂಥವನೊಬ್ಬ ಮೇಘಗಳ ಜೊತೆ ಬರುತ್ತಾನೆ. ದೈವತ್ವದ ಮೆಸ್ಸೀಯನ ಕಲ್ಪನೆ ಹೊರಗಿನಿಂದ ಬಂದದ್ದಲ್ಲ, ಯಹೂದಿಗಳ ನಡುವೆಯೇ ಮೊಳೆತದ್ದು ಎಂಬುದು ಅವರ ವಾದ. ನನಗೆ ಅದು ಬಹುಮಟ್ಟಿಗೆ ಸರಿ ಕಾಣುತ್ತದೆ. ಯೇಸುವಿಗೆ ಮೊದಲು ಅಡ್ಡಬಿದ್ದವರು ದೇವರು ಒಬ್ಬನೇ ಎನ್ನುವ ಶೆಮಾ ಪ್ರಾರ್ಥನೆ ಹೇಳಿ ಬೆಳೆದ ಯಹೂದಿಗಳೇ ತಾನೆ? ಆದರೆ ಅಲ್ಲಿ ಮೊಳೆತದ್ದನ್ನು ಇಂದಿನ ಯಹೂದಿ ಧರ್ಮ ತನ್ನದೆಂದು ಒಪ್ಪಬೇಕಾಗಿಲ್ಲ. ಶತಮಾನಗಳ ಕಾಲ ಒತ್ತಾಯದ ಮತಾಂತರಗಳನ್ನೂ ದಹನಗಳನ್ನೂ ಕಂಡು ‘ಒಬ್ಬನೇ’ ಎಂದು ಪಟ್ಟುಹಿಡಿದವರಿಗೆ, ನಿಮ್ಮ ನಿಷ್ಠೆಯಲ್ಲಿ ಇದಕ್ಕೂ ಜಾಗವಿದೆ ಎಂದು ಹೊರಗಿನವರು ಹೇಳಿಕೊಡುವುದು ಸಲ್ಲದು.

ಯೇಸುವನ್ನು ಕ್ರಿಸ್ತ ಎಂದರೇ ಅವನು ಅಭಿಷಿಕ್ತನೆಂದು ಒಪ್ಪಿದಂತೆ. ನಮ್ಮ ಶಾಲೆಯ ಇತಿಹಾಸದಲ್ಲಿ ಅಶೋಕ, ಪುಲಿಕೇಶಿ ಎಲ್ಲರೂ ಅವನ ಹಿಂದುಮುಂದೆಯೇ ಸಾಲುನಿಂತಿದ್ದರು, ಕ್ರಿ.ಪೂ., ಕ್ರಿ.ಶ. ಎಂದು. ಯಹೂದಿ ಲೇಖಕರು ಬಹಳ ಹಿಂದೆಯೇ ‘ಸಾಮಾನ್ಯ ಶಕ’ಕ್ಕೆ ಹೊರಳಿದ್ದು ಈ ಕಾರಣಕ್ಕೆ, ಈಗೀಗ ಕನ್ನಡದಲ್ಲೂ ಸಾ.ಶ. ಕಾಣುತ್ತದೆ. ಯಹೂದಿಗಳ ಚರಿತ್ರೆ ಬರೆಯುವಾಗ ನಾನೂ ಅದನ್ನೇ ಬಳಸುತ್ತೇನೆ. ಮಂಗಳೂರಿನ ಕ್ರೈಸ್ತ ಗೆಳೆಯರಿಗೆ ಡಿಸೆಂಬರಿನಲ್ಲಿ ಶುಭಾಶಯ ಬರೆಯುವಾಗ ಮಾತ್ರ ಯೇಸುಕ್ರಿಸ್ತ ಎಂದು ಪೂರ್ತಿ ಬರೆಯುತ್ತೇನೆ.